ಕತ್ತೆಕಿರುಬದ ಮಿದುಳು

ಬೆಳಗಿನ ಚಹಾ ಇನ್ನೂ ಗಂಟಲಿಗೆ ಇಳಿದಿರಲಿಲ್ಲ, ಮಿಮೂನನಿಗೆ ಸುದ್ದಿ ಬಂತು: ಅವನ ಹೊಲದ ಬತ್ತಿದ ಹೊಂಡಕ್ಕೆ ಕತ್ತೆಕಿರುಬ ಬಿದ್ದಿದೆ! ಅಟ್ಲಾಸ್ ಬೆಟ್ಟದ ಆ ಹಳ್ಳಿ ಕುಣಿದಾಡಿತು. ಕತ್ತೆಕಿರುಬದ ಮಿದುಳನ್ನು ಊಟದಲ್ಲಿ ಚಿಟಿಕೆಯಷ್ಟು ಬೆರೆಸಿಕೊಟ್ಟರೆ ಎಂಥ ಹಟಮಾರಿ ಗಂಡನೂ ಹೆಂಡತಿ ಹಾಕಿದ ಗೆರೆ ದಾಟುವುದಿಲ್ಲ ಎಂಬುದು ಅಲ್ಲಿ ಗಂಡಸರೂ ಹೆಂಗಸರೂ ಒಪ್ಪಿದ ಮಾತು. ಸಂಜೆ ಮೂಲಿಕೆ ವ್ಯಾಪಾರಿ ಸಂತೆಯಿಂದ ಬಂದು, ಮಿಮೂನನಿಗೆ ಬೆಲೆ ಕೊಟ್ಟು, ಅದನ್ನು ಕೊಂದು ಒಯ್ಯುವುದೆಂದು ತೀರ್ಮಾನವಾಯಿತು.

ಲಾಭದ ಲೆಕ್ಕ ಹಾಕುತ್ತ ಮನೆಗೆ ಬಂದ ಮಿಮೂನನಿಗೆ ಹಿತ್ತಲಲ್ಲಿ ಪಿಸುಮಾತು ಕೇಳಿಸಿತು. ಪಕ್ಕದ ಮನೆಯ ಫಾದ್ಮ ಅವನ ಹೆಂಡತಿಗೆ ಹೇಳುತ್ತಿದ್ದಳು.

"ತೂದಾ, ನಿನ್ನ ಅದೃಷ್ಟವೇ ಅದೃಷ್ಟ ಕಣೇ! ನಂಗೂ ಒಂದು ಚಿಟಿಕೆ ಎತ್ತಿಡು."

"ನಿಂಗೆ ಚಿಟಿಕೆ ಸಾಕಮ್ಮ," ತೂದಾ ನಿಟ್ಟುಸಿರಿಟ್ಟಳು. "ನಮ್ಮೋರಿಗೆ ಒಂದು ಸೌಟೇ ಬೇಕು."

ಮಿಮೂನ್ ಬಂದ ಹೆಜ್ಜೆಯಲ್ಲೇ ಹಿಂದೆ ಸರಿದ. ಆ ಮನೆಯಲ್ಲಿ ಬಾಯಿಯೆಂದರೆ ಅವನದೊಂದೇ, ಉಳಿದವರಿಗೆ ಕಿವಿ ಮಾತ್ರ. ಮಧ್ಯಾಹ್ನ ತೂದಾ ತಾಜೀನ್ ಮಡಕೆಯ ಮುಚ್ಚಳ ತೆಗೆದಳು. ಕುರಿಮಾಂಸ ಘಮ್ಮೆಂದಿತು. ಪ್ರಾಣಿ ಇನ್ನೂ ಹೊಂಡದಲ್ಲಿ ಬದುಕಿದೆಯೆಂದು ಗೊತ್ತಿದ್ದೂ ಅವನಿಗೆ ತುತ್ತೆತ್ತಲು ಧೈರ್ಯ ಬರಲಿಲ್ಲ.

"ಮೊದಲು ನೀನು ತಿನ್ನು."

"ಏನ್ರೀ ಇದು, ಎಂದೂ ಇಲ್ಲದ ಉಪಚಾರ?"

"ಹೊಟ್ಟೆ ಸರಿಯಿಲ್ಲ ಕಣೇ," ಎಂದು ಎದ್ದೇಬಿಟ್ಟ.

ಊರೆಲ್ಲ ಬಿಸಿಲಿಗೆ ಬಾಗಿಲು ಹಾಕಿ ಮಲಗಿತ್ತು. ಲಾಭ ಹಾಳಾಗಿ ಹೋಗಲಿ, ತಲೆ ಉಳಿದರೆ ಸಾಕು ಎಂದುಕೊಂಡು ಅವನು ಉದ್ದನೆಯ ತೊಲೆಯೊಂದನ್ನು ಹೊತ್ತು ಹೊಂಡಕ್ಕೆ ಬಂದ. ನೋಡಿದರೆ ಅಂಚಿನಲ್ಲಿ ತೂದಾ ಕೂತಿದ್ದಾಳೆ! ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

"ನೀನಿಲ್ಲಿ?"

"ಹೇಗಿದೆ ನೋಡೋಣ ಅಂತ ಬಂದೆ. ಮೊಲೆ ತುಂಬಿ ಹಾಲು ಸೋರ್ತಿದೆ ರೀ. ಎಲ್ಲೋ ಮರಿಗಳು ಬಾಯಿಬಿಟ್ಕೊಂಡು ಕಾಯ್ತಿರ್ತಾವೆ. ಇದರ ತಲೆ ಒಡೆಸಿ ನಾನು ಯಾವ ಸುಖ ಪಡಲಿ?"

ಮಿಮೂನ್ ಬಗ್ಗಿ ನೋಡಿದ. ಬಾಲ್ಯದಿಂದ ಹೆದರಿಸುತ್ತ ಬಂದ ಆ ರಾಕ್ಷಸ ಮೂಲೆಯಲ್ಲಿ ಮುದುರಿ ಗಡಗಡ ನಡುಗುತ್ತಿತ್ತು. ತಾನು ಬಂದ ಕಾರಣವೇ ಅವನಿಗೆ ಮರೆತುಹೋಯಿತು. ಅಯ್ಯೋ ಪಾಪ, ಎಂದ.

"ಅದಿರಲಿ, ನೀವ್ಯಾಕೆ ತೊಲೆ ಹೊತ್ಕೊಂಡು ಬಂದ್ರಿ?"

"ಇದಾ? ಬಿಸಿಲಿಗೆ ಒಣಗ್ಲಿ ಅಂತ."

ತೂದಾಳಿಗೆ ನಗು ತಡೆಯಲಾಗಲಿಲ್ಲ. ಇಬ್ಬರೂ ಸೇರಿ ತೊಲೆಯನ್ನು ಓರೆಯಾಗಿ ಇಳಿಬಿಟ್ಟು ದೂರ ಸರಿದು ನಿಂತರು. ಕತ್ತೆಕಿರುಬ ಒಮ್ಮೆ ಜಾರಿತು, ಮತ್ತೆ ಹತ್ತಿತು, ಹಿಂದಿರುಗಿಯೂ ನೋಡದೆ ಗುಡ್ಡದ ಕಡೆ ಓಡಿತು.

ಸಂಜೆ ವ್ಯಾಪಾರಿ ಬರಿಗೈಯಲ್ಲಿ ನಿಂತು ಕೂಗಾಡಿದ. ಊರೇ ನೆರೆಯಿತು.

"ನಾನೇ ಬಿಟ್ಟೆ," ಎಂದ ಮಿಮೂನ್. "ಬಾಣಂತಿ ಅದು."

"ಬಾಣಂತಿಯೂ ಇಲ್ಲ, ಏನೂ ಇಲ್ಲ! ಹೆಂಡ್ತಿಗೆ ಹೆದರಿದ್ದಾನೆ!" ಎಂದು ಫಾದ್ಮಳ ಗಂಡ ಗಹಗಹಿಸಿದ.

ಬೇರೆ ದಿನವಾಗಿದ್ದರೆ ಮಿಮೂನ್ ಅವನ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದ. ಇವತ್ತು, "ಹೂಂ, ಹೆದರಿದೆ, ಏನೀಗ?" ಎಂದು ಮನೆಯ ದಾರಿ ಹಿಡಿದ.

ತೂದಾ ಚಹಾ ತಂದಿಟ್ಟಳು. ಅವನಿಗೆ ಕೇಳದಿರಲಾಗಲಿಲ್ಲ.

"ನಿಜ ಹೇಳು, ಆ ಮಿದುಳು ತಿನ್ನಿಸಿ ನನ್ನಿಂದ ಏನು ಮಾಡಿಸ್ಬೇಕಂತಿದ್ದೆ?"

"ಮಾಡಿಸೋದೇನು ಬಂತು? ನಾನು ಮಾತಾಡೋವಾಗ ಮುಗಿಯೋವರೆಗೂ ಕೇಳಿಸ್ಕೊಂಡ್ರೆ ಸಾಕಿತ್ತು."

"ಇಷ್ಟಕ್ಕೆಲ್ಲ..." ಎಂದು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಚಾಪೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟ.

"ಹೇಳು," ಎಂದ.

ತೂದಾ ಅವನ ಮುಖವನ್ನೊಮ್ಮೆ ಚೆನ್ನಾಗಿ ನೋಡಿದಳು. ಆಮೇಲೆ ಆರಾಮವಾಗಿ ಕಾಲು ಚಾಚಿಕೊಂಡು, ಮದುವೆಯ ದಿನದಿಂದ ಶುರುಮಾಡಿದಳು.