ಚುಕ್ಕಾಣಿ ಹಿಡಿದವರು

"ಆ ಹಗ್ಗ ತೊಡಿಗೆ ಕಟ್ಕೋರಿ ಅಂದ್ನೆಲ್ಲ," ಎಂದು ಕೃಷ್ಣವೇಣಿ ಮೂರನೆಯ ಸಲ ಹೇಳಿದಾಗ ಗೋಪೀನಾಥ ಹಿಂದೆ ಕೂತಿದ್ದ ಗೆಳೆಯ ರಾಮಪ್ರಸಾದನ ಕಡೆ ತಿರುಗಿ ಕಣ್ಣು ಮಿಟುಕಿಸಿದ.

"ನೋಡೋ, ಬೋಟ್‌ನ್ಯಾಗೂ ನನ್ನ ಕಟ್ಟಿ ಹಾಕಬೇಕಂತ ಈಕಿಗೆ."

ರಾಮಪ್ರಸಾದ ನಕ್ಕ. ಇಬ್ಬರ ಕೈಯಲ್ಲೂ ಬಿಯರ್ ಕ್ಯಾನ್ ಇದ್ದವು, ಗೋಪೀನಾಥನದು ಮೂರನೆಯದು. ಕೆಂಪು ಸುರುಳಿ ಹಗ್ಗ ವೇಗದ ಲೀವರಿನ ಪಕ್ಕದ ಸ್ವಿಚ್ಚಿಗೆ ಸಿಕ್ಕಿಸಿದ್ದು ಹಾಗೇ ಜೋತಾಡುತ್ತಿತ್ತು. ಅದರ ಇನ್ನೊಂದು ತುದಿ ಓಡಿಸುವವನ ಕಾಲಿಗಿರಬೇಕು. ಅವನು ನೀರಿಗೆ ಬಿದ್ದರೆ ಹಗ್ಗ ಕಿತ್ತು ಬಂದು ಎಂಜಿನ್ ನಿಲ್ಲುತ್ತದೆ.

ಕೃಷ್ಣವೇಣಿಗೆ ಇದು ಗೊತ್ತಿದ್ದದ್ದು ದೋಣಿ ಕ್ಲಬ್ಬಿನ ಜೀನ್ ಕಲಿಸಿದ್ದರಿಂದ. ಐವತ್ತು ತುಂಬಿದ ವರ್ಷ ಗೋಪೀನಾಥ ಕಿಂಗ್ಸ್ಟನ್ ಹತ್ತಿರ ಈ ಸೆಕೆಂಡ್ ಹ್ಯಾಂಡ್ ಮೋಟಾರು ದೋಣಿ ಕೊಂಡಾಗ, ಕ್ಲಬ್ಬಿನಲ್ಲಿ ಇಬ್ಬರ ಹೆಸರನ್ನೂ ತರಬೇತಿಗೆ ಬರೆಸಿದ್ದ. ಆಮೇಲೆ ಅವನಿಗೆ ಆಸ್ಪತ್ರೆಯ ಡ್ಯೂಟಿ ಬಂತು. ಅವಳೊಬ್ಬಳೇ ಎರಡು ವಾರಾಂತ್ಯ ಮನೆಯಿರುವ ಹ್ಯಾರೋದಿಂದ ಟ್ಯೂಬ್ ರೈಲು, ಬಸ್ಸು ಬದಲಿಸಿಕೊಂಡು ಹೋಗಿ ಕಲಿತಳು. ಮುಂದೆ ಹೋಗುತ್ತಿರುವ ದೋಣಿಯ ಲೀವರನ್ನು ಒಮ್ಮೆಲೇ ಹಿಂದಕ್ಕೆ ಎಳೆಯಬಾರದು, ನಡುವೆ ನ್ಯೂಟ್ರಲ್‌ನಲ್ಲಿ ಒಂದು ಉಸಿರಿನಷ್ಟು ನಿಲ್ಲಿಸಬೇಕು ಎಂದು ಜೀನ್ ಹೇಳಿಕೊಟ್ಟಿದ್ದಳು. ಅರವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಕೊನೆಯ ದಿನ ಕೃಷ್ಣವೇಣಿ ಗಾಳಿಗೆದುರಾಗಿ ದೋಣಿಯನ್ನು ದಡಕ್ಕೆ ತಾಗಿಯೂ ತಾಗದಂತೆ ತಂದು ನಿಲ್ಲಿಸಿದಾಗ, "ನಿಮ್ಮ ಕೈ ಒಳ್ಳೆಯದು" ಎಂದಿದ್ದಳು. ಈ ದೇಶಕ್ಕೆ ಬಂದು ಇಪ್ಪತ್ತೆರಡು ವರ್ಷಗಳಲ್ಲಿ ಅಡುಗೆ ಬಿಟ್ಟು ಬೇರೆ ಯಾವುದಕ್ಕೂ ಅವಳ ಕೈಯನ್ನು ಯಾರೂ ಹೊಗಳಿರಲಿಲ್ಲ.

"ಈಗ ನೋಡು ಮಜಾ," ಎಂದು ಗೋಪೀನಾಥ ಲೀವರನ್ನು ಪೂರ್ತಿ ಮುಂದಕ್ಕೆ ತಳ್ಳಿದ. ಮೂತಿ ಮೇಲೆದ್ದಿತು. ರಾಮಪ್ರಸಾದ ಏನೋ ಕೂಗಿದ್ದು ಕೇಳದೆ, ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಅವನು ಹಿಂದೆ ನೋಡಿದ. ದೋಣಿ ಒಮ್ಮೆಲೇ ವಾಲಿತು. ಮರುಕ್ಷಣ ಅವನು ನಿಂತಿದ್ದ ಜಾಗ ಖಾಲಿಯಾಗಿತ್ತು.

ಓಡಿಸುವವರಿಲ್ಲದ ದೋಣಿ ಅದೇ ವೇಗದಲ್ಲಿ ಸುತ್ತತೊಡಗಿತು. ಗೋಪೀನಾಥನ ತಲೆ ನೀರಿನ ಮೇಲೆ ಕಾಣಿಸಿದ ಕಡೆಗೇ ಅದು ತಿರುಗಿ ಬರುತ್ತಿತ್ತು. ರಾಮಪ್ರಸಾದ ಸೀಟನ್ನು ತಬ್ಬಿಕೊಂಡು ಕೂತಿದ್ದ. ಕೃಷ್ಣವೇಣಿ ಮೊಣಕಾಲೂರಿ, ತೆವಳಿ, ಕೈ ಚಾಚಿ ಕೆಂಪು ಹಗ್ಗವನ್ನು ಕಿತ್ತಳು. ಎಂಜಿನ್ ಸತ್ತಿತು. ಆದರೆ ವೇಗ ಇನ್ನೂ ಉಳಿದಿತ್ತು. ದೋಣಿ ಗಂಡನಿಂದ ಒಂದು ಮಾರು ದೂರದಲ್ಲಿ ಹಾದು, ಪಕ್ಕದಲ್ಲಿ ಹುಟ್ಟು ಹಾಕಿಕೊಂಡು ಹೋಗುತ್ತಿದ್ದ ಮುದುಕನೊಬ್ಬನ ಸಣ್ಣ ದೋಣಿಗೆ ಬಡಿಯಿತು. ಮುದುಕನ ಕೂಗು ಅವಳಿಗೆ ಚೆನ್ನಾಗಿ ಕೇಳಿಸಿತು.

ದಡದವರು ಗೋಪೀನಾಥನನ್ನೂ ನೀರಿಗೆ ಬಿದ್ದಿದ್ದ ಮುದುಕನನ್ನೂ ಮೇಲೆತ್ತಿದರು. ಮುದುಕನ ಭುಜ ಮುರಿದಿತ್ತು. ಗೋಪೀನಾಥನಿಗೆ ಒಂದು ಗೀರೂ ಆಗಿರಲಿಲ್ಲ. ಯಾರೋ ಕೊಟ್ಟ ಕಂಬಳಿ ಹೊದ್ದು ನಡುಗುತ್ತ ಅವಳ ಪಕ್ಕ ಬಂದು ನಿಂತ.

"ವೇಣಿ, ಪೊಲೀಸ್ರು ಬರ್ತಾರ. ನೀನ ಓಡಸ್ತಿದ್ದಿ ಅಂತ ಹೇಳು."

"ನಾನು?"

"ನಾ ಕುಡದೇನಿ. ಗೊತ್ತಾದ್ರ ನನ್ನ ಡಾಕ್ಟರ್ ರಿಜಿಸ್ಟ್ರೇಶನ್ನಿಗೇ ಕುತ್ತು ಬರ್ತದ. ನಿನ್ನ ಹತ್ರ ಸರ್ಟಿಫಿಕೇಟ್ ಅದ. ನಿನಗ ಯಾರೇನ್ ಮಾಡ್ತಾರ?"

"ಹಗ್ಗ ಯಾಕ ಕಟ್ಕೊಂಡಿರಲಿಲ್ಲ ಅಂತ ಕೇಳಿದ್ರ?"

"ಮರತೆ ಅನ್ನು."

ಅವಳು ರಾಮಪ್ರಸಾದನ ಮುಖ ನೋಡಿದಳು. ಅವನು ತನ್ನ ಒದ್ದೆ ಶೂ ನೋಡುತ್ತ, "ಅದೇ ಒಳ್ಳೇದು ಅನ್ಸುತ್ತೆ ಕೃಷ್ಣವೇಣಿಯವರೇ. ಡಾಕ್ಟರ ಲೈಫ್ ಪ್ರಶ್ನೆ," ಎಂದ.

ಅವಳು ಹಾಗೇ ಹೇಳಿದಳು. ಹಗ್ಗ ಕಟ್ಟಿಕೊಳ್ಳುವುದು ಮರೆತೆ, ಜೋರಾಗಿ ತಿರುಗಿಸಿದೆ, ಗಂಡ ಬಿದ್ದರು, ಗಾಬರಿಯಲ್ಲಿ ಸ್ಟೀರಿಂಗ್ ಬಿಟ್ಟು ಓಡಿದೆ. ಪೊಲೀಸ್ ಹುಡುಗಿ ಎಲ್ಲವನ್ನೂ ಬರೆದುಕೊಂಡು ಸಹಿ ಹಾಕಿಸಿಕೊಂಡಳು. ತಿಂಗಳ ಮೇಲೆ ಎಚ್ಚರಿಕೆಯ ಪತ್ರ ಬಂತು. ಕ್ಲಬ್ಬಿನವರು, ನಮ್ಮ ದಡದಿಂದ ಹೊರಡುವ ಯಾವ ದೋಣಿಯನ್ನೂ ನೀವು ಇನ್ನು ಓಡಿಸುವಂತಿಲ್ಲ ಎಂದು ಬರೆದರು. ಅವಳು ಆಸ್ಪತ್ರೆಗೆ ಕಳಿಸಿದ ಕಾರ್ಡಿಗೆ ಮುದುಕ ಎಡಗೈಯಲ್ಲಿ ಸೊಟ್ಟಸೊಟ್ಟಾಗಿ ಉತ್ತರ ಬರೆದಿದ್ದ: ತಪ್ಪು ಎಲ್ಲರಿಂದಲೂ ಆಗುತ್ತದೆ, ನಿಜ ಹೇಳಿದ್ದೀರಿ, ಅದು ದೊಡ್ಡದು. ಅವಳು ಅದನ್ನು ಓದಿ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತಳು.

ಜೀನ್ ಸಿಕ್ಕಿದ್ದು ಕ್ಲಬ್ಬಿನ ಬಾಗಿಲಲ್ಲಿ. ಬೈಯಲಿಲ್ಲ. "ಮೊದಲನೇ ದಿನ, ಎಂಜಿನ್ ಚಾಲೂ ಮಾಡೋಕೆ ಮುಂಚೆ ನಾನು ಕಲಿಸಿದ್ದೇ ಹಗ್ಗ ಕಟ್ಟಿಕೊಳ್ಳೋದನ್ನಲ್ಲವೇ?" ಎಂದಳು.

"ಹೌದು," ಎಂದಳು ಕೃಷ್ಣವೇಣಿ.

"ನಿಮ್ಮಿಂದ ಇದನ್ನು ನಾನು ನಿರೀಕ್ಷಿಸಿರಲಿಲ್ಲ."

ಮಾತು ನಾಲಗೆಯ ತುದಿಯವರೆಗೂ ಬಂದಿತ್ತು. ಕಾರಿನಲ್ಲಿ ಕೂತ ಗೋಪೀನಾಥ ಹಾರ್ನ್ ಬಾರಿಸಿದ.

ಹ್ಯಾರೋದ ಮನೆಗಳಲ್ಲಿ ಹಬ್ಬದೂಟಕ್ಕೆ ಜನ ಸೇರಿದಾಗ ಈ ಕಥೆ ಬೆಳೆಯಿತು. ಮೊದಮೊದಲು ಗೋಪೀನಾಥ ಚುಟುಕಾಗಿ ಹೇಳುತ್ತಿದ್ದ. ಬರಬರುತ್ತ ಅವಳು ಕಿರುಚಿದ ಬಗೆಯನ್ನೂ ಅಭಿನಯಿಸತೊಡಗಿದ. "ನನ್ನ ಮುಗಸೇ ಬಿಡ್ತಿದ್ಲು!" ಎಂದಾಗ ಎಲ್ಲರೂ ನಗುತ್ತಿದ್ದರು, ರಾಮಪ್ರಸಾದನೂ. ಎರಡನೆಯ ವರ್ಷ ಗೋಪೀನಾಥ ಅದೇ ಜೀನ್ ಹತ್ತಿರ ತರಬೇತಿ ಮುಗಿಸಿ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದ. ಯೂನಿವರ್ಸಿಟಿಯಿಂದ ಬಂದಿದ್ದ ಮಗಳು ಧೃತಿ ಅದನ್ನು ನೋಡಿ, "ಅಟ್ ಲೀಸ್ಟ್ ಒನ್ ಆಫ್ ಯೂ ಈಸ್ ಸೇಫ್, ಅಮ್ಮಾ," ಎಂದಳು. ಆ ರಾತ್ರಿ ಕೃಷ್ಣವೇಣಿ ಗಂಡನಿಗೆ, "ಅಕಿಗರೆ ಖರೆ ಹೇಳ್ರಿ," ಎಂದಳು. ಗೋಪೀನಾಥ ಪೇಪರಿನಿಂದ ತಲೆಯೆತ್ತಿ ನೋಡಿದ. "ಏನ್ ಖರೆ?" ಎಂದ. ಅವನು ನಟಿಸುತ್ತಿರಲಿಲ್ಲ. ಅದು ಅವಳಿಗೆ ಅವನ ಮುಖದಲ್ಲೇ ತಿಳಿಯಿತು.

ಮುಂದಿನ ಮೇ ತಿಂಗಳ ಒಂದು ಭಾನುವಾರ ಇಬ್ಬರೇ ಟೆಡಿಂಗ್ಟನ್ ಲಾಕ್‌ವರೆಗೆ ಹೋದರು. ಕೆಳಗಿನ ನದಿಗೆ ಇಳಿಯಬೇಕಾದರೆ ದೋಣಿಯನ್ನು ಆ ಕಲ್ಲಿನ ತೊಟ್ಟಿಯೊಳಗೆ ನಿಲ್ಲಿಸಿ ನೀರು ಇಳಿಸುತ್ತಾರೆ. ಗೋಪೀನಾಥ ಎಂಜಿನ್ ಆರಿಸಿ, ಹಿಂದಿನ ಹಗ್ಗ ಹಿಡಿದು ದೋಣಿಯಲ್ಲೇ ನಿಂತ. ಅವಳು ಮುಂದಿನ ಹಗ್ಗದೊಂದಿಗೆ ಗೋಡೆಯ ಮೇಲೆ ಹತ್ತಿ, ಅಲ್ಲಿದ್ದ ಕಬ್ಬಿಣದ ಗೂಟಕ್ಕೆ ಸುತ್ತು ಹಾಕಿ ಹಿಡಿದಳು.

"ನೀರು ಇಳದಂಗ ಸ್ವಲ್ಪ ಸ್ವಲ್ಪ ಬಿಡ್ತಾ ಹೋಗು. ತಿಳೀತಿಲ್ಲೋ? ಇಲ್ಲಾಂದ್ರ ಮತ್ತ ಏನರೆ ಮಾಡಿಟ್ಟೀ," ಎಂದು ಅವನು ಕೆಳಗಿನಿಂದ ಹೇಳಿದ.

ನೀರು ಇಳಿಯತೊಡಗಿತು. ಅವನ ಎದೆ, ಭುಜ, ಕುತ್ತಿಗೆ ಒಂದೊಂದಾಗಿ ಗೋಡೆಯ ಅಂಚಿಗಿಂತ ಕೆಳಗೆ ಹೋದವು. ಅವಳು ಹಗ್ಗ ಬಿಡಲಿಲ್ಲ. ಹಗ್ಗ ಬಿಗಿದು ಕಿರ್ರೆಂದಿತು. ದೋಣಿಯ ಮೂತಿ ನೀರಿನಿಂದ ಮೇಲಕ್ಕೆ ತೂಗತೊಡಗಿತು, ಒಳಗೇನೋ ಉರುಳಿ ಬಿದ್ದ ಸದ್ದಾಯಿತು.

"ವೇಣಿ! ಹಗ್ಗ ಬಿಡು! ವೇಣೀ!"

ಗೇಟಿನ ಹತ್ತಿರದಿಂದ ಲಾಕ್ ನೋಡಿಕೊಳ್ಳುವವನು ಕೂಗುತ್ತ ಓಡಿ ಬಂದ. ಗೋಪೀನಾಥನ ಆ ಕಿರುಚಾಟ ಅವಳು ಹಬ್ಬದೂಟದ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇ ಆಗಿತ್ತು, ಈಗ ಮಾತ್ರ ಅದು ನಿಜವಾದ ಗಂಟಲಿನಿಂದ ಬರುತ್ತಿತ್ತು. ಅವಳು ಇನ್ನೊಂದು ಕ್ಷಣ ಹಿಡಿದಳು. ಆಮೇಲೆ ಬೆರಳು ಸಡಿಲಿಸಿದಳು. ಹಗ್ಗ ಗೂಟದ ಸುತ್ತ ಸರಸರ ಓಡಿತು, ದೋಣಿ ಧಡ್ಡೆಂದು ನೀರಿಗೆ ಕೂತು ಹೊಯ್ದಾಡಿ ನಿಂತಿತು.

ನೀರು ತಳಮಟ್ಟಕ್ಕೆ ಬಂದು ಗೇಟು ತೆರೆಯಿತು. ಗೋಪೀನಾಥ ಮುಖವೆತ್ತಿ ಅವಳನ್ನೇ ನೋಡುತ್ತಿದ್ದ. ಇಬ್ಬರ ನಡುವೆ ಪಾಚಿ ಹಿಡಿದ ಎತ್ತರದ ಗೋಡೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.