ಕಾಣದೇ ಹೋದ ಎಡಗೈ

ಬಾಕ್ಸಿಂಗ್ ಕಲಿಸುತ್ತಿದ್ದ ಆ ಹೆಂಗಸಿನ ಲ್ಯಾಪ್‌ಟಾಪ್ ಹಳೆಯದು, ಎರಡು ಅಂಗೈ ಜೋಡಿಸಿದಷ್ಟೇ ಅಗಲ. ಬೆವರು ನಾತದ ಗ್ಲೌಸುಗಳ ನಡುವೆ ತುರುಕಿದರೂ ಚೀಲದಲ್ಲಿ ಹಿಡಿಯುತ್ತಿತ್ತು. ಎದುರಾಳಿಗಳ ಪಂದ್ಯಗಳನ್ನು ಅದರಲ್ಲಿ ನೋಡಿಯೇ ಅವಳು ಪಟ್ಟು ಹೇಳಿಕೊಡುತ್ತಿದ್ದಳು. ಅವಳ ಬಳಿ ಪಳಗುತ್ತಿದ್ದ ಹುಡುಗಿ ಸ್ವಂತ ಅಕ್ಕನ ಮಗಳು. ಮೂಗಿನ ತುದಿಯಲ್ಲೇ ಕೋಪ ಇದ್ದುದರಿಂದ ಮನೆಯವರೆಲ್ಲ ಅವಳನ್ನು ಸಿಡುಕಿ ಎಂದೇ ಕರೆಯುತ್ತಿದ್ದರು.

ಮುಂದಿನ ಪಂದ್ಯ ಒಬ್ಬ ಬಸ್ ಕಂಡಕ್ಟರಳ ಜೊತೆ. ಆಕೆಯ ವಿಡಿಯೊಗಳು ಹೊಸ ಕ್ಯಾಮೆರಾದವು, ಭಾರೀ ಫೈಲುಗಳು. ಫೋನಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಲ್ಯಾಪ್‌ಟಾಪಿನಲ್ಲಿ ತೆರೆದರೂ ತಡವರಿಸಿ ತಡವರಿಸಿ ಓಡುತ್ತಿದ್ದವು. ಕಂಡಕ್ಟರಳ ಎದುರಿಗಿದ್ದವಳು ಈಗ ನಿಂತಿದ್ದಾಳೆ, ಚಿತ್ರ ಗಕ್ಕನೆ ನಿಲ್ಲುತ್ತದೆ, ಮುಂದೆ ಸರಿಯುವಷ್ಟರಲ್ಲಿ ನೆಲದ ಮೇಲೆ ಮಕಾಡೆ ಬಿದ್ದಿದ್ದಾಳೆ.

"ಚಿಕ್ಕಮ್ಮ, ಇದು ಬಿದ್ದಿದ್ದು ಮಾತ್ರ ತೋರಿಸ್ತಿದೆ. ಗುದ್ದಿದ್ದು ತೋರಿಸ್ತಿಲ್ಲ," ಎಂದಳು ಸಿಡುಕಿ.

ಇಬ್ಬರೂ ರಿಪೇರಿ ಅಂಗಡಿಗೆ ಹೋದರು. ರಿಪೇರಿಯವನು ತಳದ ಸ್ಕ್ರೂ ಬಿಚ್ಚಿ ನೋಡಿದ. ಮೆಮೊರಿಯನ್ನು ಬೋರ್ಡಿಗೇ ಬೆಸೆದುಬಿಟ್ಟಿದ್ದಾರೆ, ಹೆಚ್ಚಿಸಲು ಬರುವುದಿಲ್ಲ. ಡಿಸ್ಕ್ ಬದಲಿಸಿದರೆ ಬೇಗ ಆನ್ ಆಗಬಹುದು, ವಿಡಿಯೊ ಮಾತ್ರ ಹೀಗೇ ಎಂದ. ಹೊಸದೇ ತೆಗೆದುಕೊಳ್ಳಿ ಎಂದು ಒಂದನ್ನು ಮುಂದಿಟ್ಟ. ಚಿಕ್ಕಮ್ಮ ಅದನ್ನು ಚೀಲಕ್ಕೆ ಹಾಕಿ ನೋಡಿದಳು. ಜಿಪ್ ಮುಚ್ಚಲಿಲ್ಲ. ಹಳೆಯದರ ಮೇಲೆ ಅವಳಿಗೆ ಮಮತೆ, ತನ್ನ ಕಣ್ಣಿನ ಮೇಲೆ ಅದಕ್ಕಿಂತ ಹೆಚ್ಚಿನ ನಂಬಿಕೆ. ಚಿತ್ರ ನಿಲ್ಲುವ ಮೊದಲು ಮೇಲೇಳುವುದು ಕಂಡಕ್ಟರಳ ಬಲಗೈ, ಆ ನೇರ ಗುದ್ದು ಒಂದನ್ನು ತಲೆ ಬಗ್ಗಿಸಿ ತಪ್ಪಿಸಿಕೊಂಡರೆ ಸಾಕು, ಮಿಕ್ಕಿದ್ದು ಪಂದ್ಯ ಮುಗಿದ ಮೇಲೆ ನೋಡೋಣ ಎಂದಳು. ಸಿಡುಕಿ ದಾರಿಯುದ್ದಕ್ಕೂ ಮುಖ ಊದಿಸಿಕೊಂಡೇ ನಡೆದಳು.

ಪಂದ್ಯದ ದಿನ ಮೊದಲ ಸುತ್ತು ಸಿಡುಕಿಯದೇ. ಬಲಗೈ ಬಂದಾಗಲೆಲ್ಲ ತಲೆ ಬಗ್ಗಿಸಿ, ಒಳಗೆ ನುಗ್ಗಿ, ಪಕ್ಕೆಗೂ ಮುಖಕ್ಕೂ ಬಾರಿಸಿದಳು. ಕಂಡಕ್ಟರಳ ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಎರಡನೆಯ ಸುತ್ತಿನಲ್ಲಿ ಬಲಗೈ ಮತ್ತೆ ಬಂತು. ಸಿಡುಕಿ ಮತ್ತೆ ಬಗ್ಗಿದಳು. ಸೊಂಟದ ಹತ್ತಿರ ಅಡಗಿದ್ದ ಎಡಗೈ ಕೆಳಗಿನಿಂದ ಎದ್ದು ಗದ್ದಕ್ಕೆ ಅಪ್ಪಳಿಸಿತು. ಹಲ್ಲಿನ ಕವಚ ಎಂಜಲು ರಕ್ತದ ಸಮೇತ ಹಗ್ಗದಾಚೆ ಹಾರಿ ಬಿತ್ತು.

ರೆಫರಿ ಎಣಿಸತೊಡಗಿದ. ಸಿಡುಕಿ ಎದ್ದಳು. ಪಂದ್ಯ ನಿಲ್ಲಿಸಲು ಚಿಕ್ಕಮ್ಮ ಟವೆಲ್ ಎತ್ತಿದಾಗ ಬೇಡವೆಂದು ತಲೆಯಾಡಿಸಿದಳು. ರೆಫರಿ ಕವಚ ತೊಳೆಸಿ ಬಾಯಿಗಿಡಿಸಿದ. ಎತ್ತಿದ ಟವೆಲ್ ಚಿಕ್ಕಮ್ಮನ ಕೈಯಲ್ಲೇ ಉಳಿಯಿತು.

ಆಟ ಶುರುವಾದ ಮರುಗಳಿಗೆ ಅದೇ ಎಡಗೈ ಅದೇ ಜಾಗಕ್ಕೆ ಬಂತು. ಒಣ ಕಡ್ಡಿ ಮುರಿದಂಥ ಸದ್ದು ಮುಂದಿನ ಸಾಲಿನವರಿಗೂ ಕೇಳಿಸಿತು. ಸಿಡುಕಿಯ ಗದ್ದ ಒಂದು ಕಡೆಗೆ ವಾಲಿತು. ಆ ಸ್ಥಿತಿಯಲ್ಲೂ ಅವಳು ಬೀಳದೆ ಕಂಡಕ್ಟರಳ ಮೂಗಿಗೆ ಹಣೆಯಿಂದ ಕುಟ್ಟಿದಳು. ಅದು ತಪ್ಪೆಂದು ರೆಫರಿ ಕೂಗುತ್ತಿದ್ದರೂ ಮತ್ತೆ ಕುಟ್ಟಿದಳು. ಚಿಕ್ಕಮ್ಮ ಟವೆಲ್ ಎಸೆದು, ಹಗ್ಗದಡಿ ನುಸುಳಿ, ಅವಳನ್ನು ಹಿಂದಿನಿಂದ ತಬ್ಬಿ ಹಿಡಿದಳು. ಸಿಡುಕಿಯ ಮೊಣಕೈ ಏಟಿಗೆ ಚಿಕ್ಕಮ್ಮನ ತುಟಿಯೂ ಒಡೆಯಿತು.

ಆಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದರು. ಸಿಡುಕಿ ಮನೆಗೆ ಮರಳಿದ ದಿನ ಚಿಕ್ಕಮ್ಮ ರಿಪೇರಿ ಅಂಗಡಿಗೆ ಹೋಗಿ ಹೊಸ ಲ್ಯಾಪ್‌ಟಾಪ್ ಕೊಂಡು, ಅಲ್ಲೇ ಕೌಂಟರಿಗೆ ಒರಗಿ ಕಂಡಕ್ಟರಳ ವಿಡಿಯೊ ಹಾಕಿಸಿದಳು. ಈಗ ಚಿತ್ರ ನೀರಿನಂತೆ ಹರಿಯಿತು. ಬಲಗೈ ಬರಿಯ ನೆಪ. ಬಗ್ಗಿದವರನ್ನೆಲ್ಲ ಎಡಗೈ ಕೆಳಗಿನಿಂದ ಕೆಡವುತ್ತಿತ್ತು, ಪ್ರತಿ ಪಂದ್ಯದಲ್ಲೂ. ಬಗ್ಗಲು ಕಲಿಸಿದವಳು ತಾನೇ.

ನೇರ ಅಕ್ಕನ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅಕ್ಕ ಕೊನೆಯವರೆಗೂ ಕೇಳಿ ಕೆನ್ನೆಗೆ ಬಾರಿಸಿದಳು. ಕೈ ಎತ್ತಿದ್ದು ಕಂಡಿತ್ತು. ಚಿಕ್ಕಮ್ಮ ಮುಖ ತಿರುಗಿಸಲಿಲ್ಲ.

"ಒಳಗೆ ಬಾ," ಎಂದಳು ಅಕ್ಕ. "ಅವಳಿಗೆ ಹಾಲು ಕುಡಿಸ್ಬೇಕು. ತಲೆ ಹಿಡ್ಕೋ."

ಚಿಕ್ಕಮ್ಮ ಮಂಚದ ಮೇಲೆ ಕೂತು ಸಿಡುಕಿಯ ತಲೆಯನ್ನು ತೋಳಿಗೆ ಒರಗಿಸಿಕೊಂಡಳು. ಬಾಯಿ ತೆರೆಯಲಾರದ ಹುಡುಗಿ ಮುಷ್ಟಿ ಬಿಗಿದು ಅವಳ ಪಕ್ಕೆಗೆ ಒಂದು ಬಿಟ್ಟಳು, ಉಸಿರು ಸಿಕ್ಕಿಕೊಳ್ಳುವಷ್ಟು ಜೋರಾಗಿ. ಆಮೇಲೆ ಹಾಲು ಕುಡಿದಳು.