ಇನ್ನೂರು ಮೀಟರ್ ಆಚೆ

ಫ್ಯಾನಿನ ಗಾಳಿಗೆ ಪರದೆ ಸರಿದಾಗಲೆಲ್ಲ ಬಿಸಿಲಿನದೊಂದು ಪಟ್ಟಿ ಕಂಪ್ಯೂಟರಿನಲ್ಲಿ ತೆರೆದ ನಕ್ಷೆಯ ಮೇಲೆ ಬಿದ್ದು, ಹುಕ್ಕೇರಿಯಿಂದ ಗೋಕಾಕ ದಾಟಿ ಮೂಡಲಗಿಯ ಅಂಚಿಗೆ ಹೋಗಿ ನಿಲ್ಲುತ್ತದೆ, ತೋಳಗಳೂ ಹೀಗೇ ಹೋಗುತ್ತವೆ, ಕುರಿಹಿಂಡಿನ ಹಿಂದೆ, ಹುಲ್ಲುಗಾವಲಿನಿಂದ ಹುಲ್ಲುಗಾವಲಿಗೆ — ಉಳಿದಿರುವುದೇ ನಾಲ್ಕಾರು, ಅವುಗಳ ದಾರಿಗೆ ಕೆಂಪು ಗೆರೆ ಎಳೆಯುವುದು ನನ್ನ ಕೆಲಸ, ಗೆರೆ ಬಿದ್ದಲ್ಲಿ ಬೇಲಿ ಇರುವಂತಿಲ್ಲ, ನಾಲ್ಕು ಗಂಟೆಗೆ ಅರಣ್ಯ ಇಲಾಖೆಗೆ ಕೊನೆಯ ನಕ್ಷೆ ಹೋಗಬೇಕು, ಈಗ ಮೂರೂವರೆ. ಸಣ್ಣವಳಿದ್ದಾಗ ಅಜ್ಜಿ ನಸುಕಿನಲ್ಲಿ ವಚನ ಅನ್ನುತ್ತಿದ್ದಳು, ಹೊದ್ದ ಕೌದಿಯೊಳಗಿಂದ ಕೇಳುತ್ತಿದ್ದೆ, ಕೇಳುವುದಷ್ಟೇ ನನಗೆ ಬರುವುದು, ಎದುರು ಮಾತು ಬರುವುದಿಲ್ಲ, ತಮ್ಮ ದುಂಡೇಶ ಬಂದಾಗಲೂ ಕೇಳುತ್ತ ಕೂತೆ — ಅಕ್ಕಾ, ನಿನ್ನ ಗೆರಿ ನಮ್ಮ ನಾಗನೂರ ಹೊಲದಾಗ ಯಾಕ ಬಂತ, ಪ್ಲಾಟ್ ಮಾಡಾಕ ಹೊಂಟೇನಿ, ತೋಳ ಅಡ್ಡಾಡೋ ಜಾಗಾ ಯಾರ ತಗೋತಾರ, ಒಂದೀಟ ಬಾಜೂ ಸರಸ, ಅದೇನ ನಿನ್ನ ಕೇಳಿ ನಡೀತೈತೇನ. ಕರಡು ನಕ್ಷೆಯಲ್ಲಿ ಇನ್ನೂರು ಮೀಟರ್ ಸರಿಸಿದೆ, ಒಂದು ಬೆರಳು ಅಲುಗಿತು, ಅಷ್ಟೇ. ತೋಳಗಳ ದಾರಿಗೆ ಅಡ್ಡ ಹರಿಯುವ ಕಾಲುವೆಗೆ ಹಳೆಯ ಕಲ್ಲುಸೇತುವೆ ಇರುವುದು ನಮ್ಮ ಹೊಲದ ತುದಿಗೆ, ಸರಿಸಿದ ಕಡೆ ಬರೀ ನೀರು, ಗೊತ್ತಿತ್ತು. ನನಗೆ ಆ ದಾರಿ ತೋರಿಸಿದ್ದ ಕುರಿಗಾರ ವೀರಪ್ಪ ಕರಡು ನೋಡಿ ನಕ್ಕ, ಏನ್ರಿ ಅಕ್ಕಾರ, ತೋಳಕ್ಕ ಈಜಾಕ ಕಲಿಸೀರೇನ. ನಾನೂ ನಕ್ಕೆ, ಖರೆ, ನಕ್ಕೆ. ಮುಂದಿನ ವಾರ ದುಂಡೇಶನ ತಂತಿಬೇಲಿ ಎದ್ದಿತು, ಸೇತುವೆಯ ಬಾಯಿ ಅದರೊಳಗೆ.

ನಿನ್ನೆ ವೀರಪ್ಪನ ಫೋನು, ಬರ್ರಿ ಅಕ್ಕಾರ, ನಿಮ್ಮ ಗೆರಿ ಮ್ಯಾಲ ಐತ್ರಿ — ಹೋದೆ, ಇತ್ತು, ಕಾಲುವೆಯ ನೀರಿನಲ್ಲಿ ಅಡ್ಡ ತೇಲುತ್ತ, ಸತ್ತ ಹೆಣ್ಣುತೋಳ, ಕಿವಿ ಒದ್ದೆ, ದಂಡೆಯ ಸಿಮೆಂಟಿನ ಪಾಚಿಯಲ್ಲಿ ಉಗುರಿನ ಗೀರು, ಗೀರು. ನಗಲಿಲ್ಲ ವೀರಪ್ಪ, ಎರಡ ಮರಿ ಬೆಳದ ನಿಂತಾವ್ರಿ, ಅವೂ ಅವ್ವನ ದಾರಿ ಹಿಡದ ಬರ್ತಾವ, ಇಂದಿಲ್ಲ ನಾಳಿ. ಇಂದು ಮುಂಜಾನೆಯಿಂದ ದುಂಡೇಶನ ಫೋನು ಮೂರು ಸಲ, ಅಕ್ಕಾ, ಮಂದಿ ಪ್ಲಾಟ್ ನೋಡಾಕ ಬಂದಾರ, ನಕಾಶಿಗೆ ಮತ್ತ ಕೈ ಹಚ್ಚಬ್ಯಾಡ ನೋಡ — ಹೂಂ ಅಂದಿದ್ದೇನೆ, ಮೂರು ಸಲವೂ. ಗೆರೆ ಹಿಡಿಯುತ್ತೇನೆ, ಎಳೆಯುತ್ತೇನೆ, ಹೊಲದೊಳಕ್ಕೆ, ಬಾವಿಯ ಪಕ್ಕಕ್ಕೆ, ಸೇತುವೆಯ ಮೇಲಕ್ಕೆ, ಬಿಟ್ಟೆ, ಕೂತಿತು, ಫೋನು ಮೇಜಿನ ಮೇಲೆ ಗುರುಗುಡುತ್ತದೆ, ದುಂಡೇಶ, ಎತ್ತುವುದಿಲ್ಲ, ಕಳಿಸಿದೆ, ಹೋಯಿತು, ಬೇಲಿ ಕೀಳುತ್ತಾರೆ, ಮರಿಗಳು ದಾಟುತ್ತವೆ, ದಾಟಲಿ, ಆದರೆ ಆ ಪಾಚಿ, ನೀರಿನಿಂದ ಮೇಲಕ್ಕೆ ಗೀರು, ಜಾರಿ, ಮಾರು ದೂರದಲ್ಲಿ ಮತ್ತೆ ಮೇಲಕ್ಕೆ, ಜಾರಿ, ಮತ್ತೆ, ದಂಡೆಯುದ್ದಕ್ಕೂ, ಕೊನೆಯವು ಎಲ್ಲಕ್ಕಿಂತ ಎತ್ತರ, ಅಂಚಿಗೆ ಒಂದು ಗೇಣು ಉಳಿದಲ್ಲಿ, ನಾಲ್ಕು ಗೀರು, ಒಂದು ಗೇಣು, ನಾಲ್ಕು ಗೀರು —